ಜಡೆ ಯಾರು ಹಾಕಿದ್ದು?

ನನ್ನ ತಂಗಿಯನ್ನು ಅವಳ ಗಂಡ ಎರಡೂ ತೋಳಲ್ಲಿ ಎತ್ತಿಕೊಂಡು ಶಿಬಿರದ ಬಾಗಿಲು ದಾಟಿ ಒಳಗೆ ಬಂದಾಗ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಬೆನ್ನುಮೂಳೆ ಮುರಿದುಕೊಂಡ ಒಡಹುಟ್ಟಿದವಳು, ಸೊಂಟದ ಕೆಳಗೆ ಸ್ವಾಧೀನವಿಲ್ಲ. ನೋಡಿದರೆ ಕರುಳು ಚುರ್ ಅನ್ನಬೇಕಿತ್ತು. ಕರುಳು ಸುಮ್ಮನಿತ್ತು, ಉರಿದದ್ದು ಹೊಟ್ಟೆ. ಸಾಲಿನಲ್ಲಿ ಕೂತಿದ್ದ ಜನ ಕೋಲು, ಊರುಗೋಲು ಎಲ್ಲ ಬದಿಗೆ ಎಳೆದುಕೊಂಡು ಅವನಿಗೆ ದಾರಿ ಬಿಟ್ಟರು. ನನ್ನ ಪಕ್ಕದ ಮುದುಕಿ ಗಲ್ಲದ ಮೇಲೆ ಕೈಯಿಟ್ಟು, "ಗಂಡ ಅಂದ್ರ ಹಿಂಗಿರಬೇಕು ನೋಡವ್ವಾ. ಏನು ಪುಣ್ಯ ಮಾಡಿದ್ಳೋ ಏನೋ," ಅಂದಳು. ನನ್ನ ಗಂಡ ಎಲ್ಲಿದ್ದರು? ಹಿಂದಿನ ಸಾಲಿನಲ್ಲಿ ತಮ್ಮ ಜೊತೆಯವರ ನಡುವೆ ಕೂತು ಮೀಸೆ ತಿರುವುತ್ತಾ ಶೇಂಗಾ ಆವಕದ ಮಾತಾಡುತ್ತಿದ್ದರು. ನಾನು ಅವರ ಹೆಂಡತಿ ಅಂತ ಅಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಅದು ಕೂಡ್ಲಿಗಿಯಲ್ಲಿ ನಡೆದ ಅಂಗವಿಕಲರ ತಪಾಸಣೆ ಶಿಬಿರ. ನಾನು ಕೊಟ್ಟೂರಿನವಳು. ತಂಗಿಯನ್ನು ಉಜ್ಜಿನಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮೇವಿನ ಬಣವೆಯ ತುದಿಯಿಂದ ಜಾರಿ ಬಿದ್ದು ಅವಳು ಕಾಲಿನ ಸ್ವಾಧೀನ ಕಳೆದುಕೊಂಡಳು. ನನ್ನದು ಬೇರೆ ಕಥೆ.

ಊರಲ್ಲಿ ಮದುವೆ ಇರಲಿ, ತೊಟ್ಟಿಲು ಇರಲಿ, ರೊಟ್ಟಿಗೆ ನನ್ನನ್ನೇ ಕರೆಯುತ್ತಿದ್ದರು. ನಾನು ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು, ಅಷ್ಟು ತೆಳ್ಳಗೆ. ಜಂಬ ಅನ್ನಿ, ನನಗೇನು. ಇದ್ದದ್ದನ್ನು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಾ ಕೂತಿದ್ದವಳಿಗೆ ಬಲಗೈ ಹಿಟ್ಟಿನಲ್ಲೇ ಉಳಿಯಿತು. ಎಳೆದರೂ ಬರಲಿಲ್ಲ. ಲಕ್ವಾ ಅಂದರು. ಆಸ್ಪತ್ರೆ, ಎಣ್ಣೆ, ಮಾಲೀಸು ಎಲ್ಲ ಆಗಿ ಕಾಲು ಹೇಗೋ ಎಳೆದುಕೊಂಡು ನಡೆಯುವಷ್ಟಾಯಿತು. ಕೈ ಹೆಗಲವರೆಗೆ ಏಳುತ್ತದೆ, ಬೆರಳು ಹೇಳಿದ ಮಾತು ಕೇಳುವುದಿಲ್ಲ. ಯಾವುದನ್ನಾದರೂ ಹಲ್ಲು ಕಚ್ಚಿ ಒಮ್ಮೆ ಹಿಡಿಯಬಲ್ಲೆ, ಎರಡನೆಯ ಸಲಕ್ಕೆ ಅದು ಸತ್ತ ಹಾವಿನಂತೆ ಬಿದ್ದುಬಿಡುತ್ತದೆ. "ಕೈಕಾಲು ತಗೊಂಡ ದೇವ್ರು ಈ ಬಾಯಿ ಒಂದು ಯಾಕ ಬಿಟ್ನೋ ಮಾರಾಯ," ಅಂತ ನಮ್ಮನೆಯವರು ನಗಾಡುತ್ತಿದ್ದರು.

ನಮ್ಮನೆಯವರು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರು. ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಏರುವ ಆಸಾಮಿ. ನಾನು ಮಲಗಿದಾಗ ಹಡಗಲಿಗೆ ಕೊಟ್ಟ ಮಗಳು ಬಂದು ಒಂದಷ್ಟು ದಿನ ನೋಡಿಕೊಂಡು ಹೋದಳು. ಅವಳಿಗೂ ಅತ್ತೆ, ಮಾವ, ಕೂಸು ಇವೆಯಲ್ಲ. ಅವಳು ಹೋದ ಮರುದಿನ ಬೆಳಿಗ್ಗೆ ನನ್ನ ತಲೆ ಗುಬ್ಬಿಗೂಡಾಗಿತ್ತು. ನಮ್ಮನೆಯವರು ಎದ್ದವರೇ ಮುಂಬಾಗಿಲ ಚಿಲಕ ಹಾಕಿದರು, ಕಿಟಕಿ ಮುಚ್ಚಿದರು, ನನ್ನ ಹಿಂದೆ ಬಂದು ಕೂತರು. ಚೀಲದ ಬಾಯಿಗೆ ಹುರಿ ಹಾಕಿ ಹೊಲಿಯುವ ಬೆರಳುಗಳು ಅವು. ಮೊದಲ ದಿನವೇ ಅಂಥ ಜಡೆ ಹಾಕಿದರು, ಒಂದು ಕೂದಲು ಸಡಿಲ ಇರಲಿಲ್ಲ. ಆಮೇಲೆ ಸೀರೆಯ ನೆರಿಗೆ ಕಲಿತರು. ಮೈ ತೊಳೆಸಿದರು. ರೊಟ್ಟಿಯನ್ನೂ ಬಡಿದರು. ಅವರ ರೊಟ್ಟಿಯ ಬಗ್ಗೆ ಮಾತ್ರ ನಾನು ಏನೂ ಹೇಳುವುದಿಲ್ಲ, ಶಿವ ಶಿವಾ.

ಆ ಬೆಳಿಗ್ಗೆಯೇ ನನ್ನ ಎಡಗೈಯನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

"ಉಚ್ಚಂಗೆಮ್ಮನ ಆಣಿ ಮಾಡು. ಇದನ್ನ ಯಾರ ಮುಂದೂ ಬಾಯಿ ಬಿಡಬಾರದು. ಹೆಂಗ್ಸಿನ ಚಾಕ್ರಿ ಮಾಡ್ತಾನ ಅಂತ ಗೊತ್ತಾತು ಅಂದ್ರ ಯಾರ್ಡಿನಾಗ ನನ್ನ ಮೀಸಿ ಬೋಳಸ್ತಾರ."

"ಮಗಳ ಮುಂದನೂ ಹೇಳಬಾರದೇನು?"

"ಮಗಳ ಮುಂದನೂ ಬ್ಯಾಡ. ತಂಗಿ ಮುಂದನೂ ಬ್ಯಾಡ."

ನಮ್ಮ ಕಡೆ ಗಂಡನ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಅದು ಅವನ ತಲೆಗೇ ಬರುತ್ತದೆ. ಆಣೆ ಮಾಡಿದೆ, ಬಾಯಿಗೆ ಬೀಗ ಹಾಕಿಕೊಂಡೆ. ಅದೂ ನನ್ನಂಥ ಬಾಯಿಗೆ!

ತೊಂದರೆ ಶುರುವಾದದ್ದು ಅಲ್ಲಿಂದ. ನನ್ನ ಕೆಲಸ, ಮನೆ ಕೆಲಸ ಎಲ್ಲ ಮುಗಿಸಿ ಅವರು ಯಾರ್ಡಿಗೆ ಹೋಗುವಷ್ಟರಲ್ಲಿ ಮೊದಲ ಲಾರಿ ತುಂಬಿ ಹೊರಟಿರುತ್ತಿತ್ತು. ಜೊತೆಯವರು, "ಏನಲೇ, ಹೆಂಡ್ತಿ ಎದ್ದು ಹೋಗಾಕ ಬಿಡವಲ್ಳೇನು?" ಅಂತ ಚೇಷ್ಟೆ ಮಾಡುತ್ತಿದ್ದರು. ಇವರು ಹಲ್ಲು ಕಿರಿದು ಸುಮ್ಮನಾಗುತ್ತಿದ್ದರು. ಗುಂಪಿನ ಮೇಸ್ತ್ರಿಗೆ ಮಾತ್ರ ನಗು ಬರಲಿಲ್ಲ. ಹೀಗೇ ತಡ ಮಾಡಿದರೆ ನಿನ್ನ ಜಾಗಕ್ಕೆ ಬೇರೆಯವನನ್ನು ಹಾಕಿಕೊಳ್ಳುತ್ತೇನೆ ಅಂದುಬಿಟ್ಟ. ನನ್ನ ರೊಟ್ಟಿಯ ದುಡಿಮೆ ಹೋಗಿತ್ತು, ಈಗ ಅವರದ್ದೂ ಹೋಗುವ ಹೊತ್ತು ಬಂತು.

ಆಗ ನಮ್ಮ ಓಣಿಗೆ ಅಂಗವಿಕಲರ ಕೆಲಸ ನೋಡುವ ಒಬ್ಬರು ಬಂದರು. ಅವರಿಗೂ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತಂತೆ, ಹಿಂದೆ ಎರಡು ಗಾಲಿ ಹೆಚ್ಚಿಗೆ ಇರುವ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ದುಡಿಯಲು ಆಗದವರಿಗೆ ಸರ್ಕಾರ ತಿಂಗಳಿಗೆ ಇಷ್ಟು ಅಂತ ಮಾಸಾಶನ ಕೊಡುತ್ತದೆ, ಆದರೆ ಕಷ್ಟ ಇದೆ ಅಂದಮಾತ್ರಕ್ಕೆ ಕೊಡುವುದಿಲ್ಲ, ವೈದ್ಯರು ನೋಡಿ ಶೇಕಡಾ ಇಷ್ಟು ಅಂತ ಬರೆಯಬೇಕು ಅಂದರು. ನಲವತ್ತರ ಕೆಳಗಿದ್ದರೆ ಏನೂ ಇಲ್ಲ. ನಲವತ್ತು ದಾಟಿದರೆ ಒಂದು ಮೊತ್ತ, ಎಪ್ಪತ್ತೈದು ದಾಟಿದರೆ ಅದಕ್ಕಿಂತ ಹೆಚ್ಚು. ಗುರುತಿನ ಚೀಟಿ ಬಂದ ಮೇಲೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು.

"ಒಂದು ಮಾತು ನೆನಪಿಟ್ಕೊಳ್ರಿ ಅಕ್ಕಾರ," ಅಂದರು. "ಅಲ್ಲಿ ಹೋಗಿ ನಿಮಗ ಏನು ಬರತೈತಿ ಅನ್ನೋದನ್ನ ತೋರಸಬ್ಯಾಡ್ರಿ. ಏನು ಆಗಂಗಿಲ್ಲ ಅನ್ನೋದನ್ನ ಹೇಳ್ರಿ. ಜತಿಗೆ ಬಂದವ್ರೂ ಬಾಯಿ ಬಿಟ್ಟು ಹೇಳಬೇಕು."

ಜೊತೆಗೆ ಬರುವವರು ಆಗ ಅಂಗಳದಲ್ಲಿ ಬೀಡಿ ಸೇದುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ. ನಾನಂತೂ ಅವತ್ತೇ ಲೆಕ್ಕ ಹಾಕಿದೆ. ಮಾಸಾಶನ ಬಂದರೆ ಬೆಳಗಿನ ಕೆಲಸಕ್ಕೆ ಓಣಿಯ ಒಬ್ಬ ಹೆಂಗಸನ್ನು ಇಟ್ಟುಕೊಳ್ಳಬಹುದು, ಇವರು ಹೊತ್ತಿಗೆ ಸರಿಯಾಗಿ ಯಾರ್ಡ್ ಸೇರಬಹುದು.

ಶಿಬಿರದ ದಿನ ಇವರು ಏನು ಮಾಡಿದರು ಗೊತ್ತೇ? ನಾಲ್ಕು ಜನರ ನಡುವೆ ಹೋಗುವುದು ಅಂತ ದಿನಕ್ಕಿಂತ ಚೆಂದವಾಗಿ ಜಡೆ ಹಾಕಿದರು. ಇಳಕಲ್ ಸೀರೆ ಉಡಿಸಿ, ನೆರಿಗೆ ಕೂಡಿಸಿ, ಮಲ್ಲಿಗೆ ಮುಡಿಸಿದರು. ಕನ್ನಡಿಯಲ್ಲಿ ನೋಡಿಕೊಂಡರೆ ಮದುವೆಗೆ ರೊಟ್ಟಿ ಬಡಿಯಲು ಹೊರಟವಳ ಹಾಗೆ ಇದ್ದೆ. ಮಂದಿಯ ಮುಂದೆ ರೋಗಿಷ್ಟಳ ಹಾಗೆ ಹೋಗಬಾರದು, ಅದು ಮನೆತನಕ್ಕೆ ಕುಂದು. ಹುಟ್ಟಿದಾಗಿನಿಂದ ನಮಗೆ ಕಲಿಸಿದ್ದೇ ಅದು.

ನನ್ನನ್ನು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳು. "ಹೇಗಿದ್ದೀರಮ್ಮಾ?" ಅಂದಳು. "ಆರಾಮ್ರಿ," ಅಂದೆ. ಯಾರಾದರೂ ಹಾಗೆ ಕೇಳಿದರೆ ಬೇರೆ ಏನು ಹೇಳುತ್ತಾರೆ? ಕೈ ಎತ್ತಿ ಅಂದಳು, ಎತ್ತಿದೆ. ತನ್ನ ಬೆರಳು ಕೊಟ್ಟು ಒತ್ತಿ ಅಂದಳು. ರೊಟ್ಟಿ ಬಡಿದ ಕೈ, ಸೋಲಬಾರದು ಅಂತ ಹಲ್ಲು ಕಚ್ಚಿ ಒತ್ತಿದೆ. ಇನ್ನೊಮ್ಮೆ ಒತ್ತಿ ಅನ್ನಲಿಲ್ಲ. ಆಮೇಲೆ ನನ್ನ ತಲೆಯ ಕಡೆ ನೋಡಿ ಕೇಳಿದಳು:

"ಇಷ್ಟು ಚೆನ್ನಾಗಿ ಜಡೆ ಯಾರು ಹಾಕಿದ್ದು?"

ನಾನು ಇವರ ಕಡೆ ತಿರುಗಿದೆ. ಇವರ ಹಿಂದೆ ಯಾರ್ಡಿನ ಮೂವರು ಇದ್ದರು. ಒಬ್ಬನಿಗೆ ಚೀಲ ಹೊತ್ತು ಸೊಂಟ ಹೋಗಿತ್ತು, ಇಬ್ಬರು ಅವನ ಜೊತೆಗೆ ಬಂದವರು. ಇವರು ಗಂಟಲು ಸರಿಮಾಡಿಕೊಂಡರು.

"ಆಕಿನ ಹಾಕ್ಕೊಂಡಾಳ್ರಿ."

"ಸೀರೆ?"

"ಆಕಿನ ರೀ."

"ಅಡುಗೆ?"

"ಎಲ್ಲಾ ಆಕಿನ ಮಾಡ್ಕೋತಾಳ್ರಿ. ಗಟ್ಟಿ ಅದಾಳ್ರಿ."

ಡಾಕ್ಟರಿಗೆ ಖುಷಿಯಾಯಿತು. "ಭೇಷ್!" ಅಂದಳು. ನನ್ನ ನಾಲಿಗೆಯ ತುದಿಗೆ ನಿಜ ಬಂದು ನಿಂತಿತ್ತು. ಆಣೆ ನೆನಪಾಗಿ ನುಂಗಿದೆ.

ತಂಗಿಯ ಸರದಿ ಬಂದದ್ದು ಇದಾದ ಮೇಲೆ. ಅವಳ ಗಂಡ ಅವಳನ್ನು ಮೇಜಿನ ಮೇಲೆ ಕೂರಿಸಿ, ಬೆವರು ಒರೆಸಿಕೊಂಡು, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಹೇಳಿದ: "ಮೈ ತೊಳೆಯೋದೂ ನಾನ ರೀ, ಎತ್ತಿ ಕುಂದರಸೋದೂ ನಾನ ರೀ. ಬಿದ್ದ ದಿನದಿಂದ ಆಕೀನ್ನ ನೆಲಕ್ಕ ಇಳಿಯಾಕ ಬಿಟ್ಟಿಲ್ರಿ ಮೇಡಂ." ನನ್ನ ಪಕ್ಕದ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ತಂಗಿ ತಲೆ ಬಗ್ಗಿಸಿ ಕೂತಿದ್ದಳು, ನಾಚಿಕೆಯಿರಬೇಕು ಅಂದುಕೊಂಡೆ. ಹೆಂಡತಿಗೆ ಮಾಡಿದ ಸೇವೆಯನ್ನು ಊರ ಮುಂದೆ ಎದೆ ಎತ್ತಿ ಹೇಳುವ ಗಂಡಸು! ಅಂಥವನು ಅವಳಿಗೆ ಸಿಕ್ಕ, ನನಗೆ ಚಿಲಕ ಹಾಕಿಕೊಳ್ಳುವವರು ಸಿಕ್ಕರು. ನನಗೆ ಸಹಿಸಲಾಗಲಿಲ್ಲ.

ಚೀಟಿ ಬಂದವು. ಅವಳದು ಎಪ್ಪತ್ತೈದು ದಾಟಿತ್ತು, ನನ್ನದು ನಲವತ್ತರ ಕೆಳಗೆ. ಅವಳಿಗೆ ದೊಡ್ಡ ಮೊತ್ತ, ನನಗೆ ಸೊನ್ನೆ.

ಅಲ್ಲಿಂದ ನಾನು ಉರಿದ ಉರಿಗೆ ಒಲೆ ಬೇಕಿರಲಿಲ್ಲ. ತಂಗಿ ಫೋನ್ ಮಾಡಿ "ಅಕ್ಕಾ, ಈ ತಿಂಗಳದ್ದು ಬಂತು" ಅಂದರೆ, ಸಿಗ್ನಲ್ ಇಲ್ಲ ಅಂತ ಕಟ್ ಮಾಡುತ್ತಿದ್ದೆ. ಎರಡು ಮೂರು ಸಲ ಅವರ ಮನೆಗೂ ಹೋಗಿದ್ದೆವು, ಮೊದಲೇ ಹೇಳಿ. ಪ್ರತಿ ಸಲವೂ ಅವಳು ಪಡಸಾಲೆಯ ಹೊರಸಿನ ಮೇಲೆ ಒಗೆದ ಸೀರೆ ಉಟ್ಟು ಕೂತಿರುತ್ತಿದ್ದಳು. ಗಂಡ ನೀರಿನ ಚೊಂಬು ಹಿಡಿದು ಪಕ್ಕದಲ್ಲೇ. ನೋಡು ನೋಡು, ರಾಣಿ ಕೂತಂಗ ಕೂತಾಳ, ಅಂತ ನನ್ನ ಮನಸ್ಸು ಕುಟುಕುತ್ತಿತ್ತು. ಅವಳ ಸೀರೆಯ ಬಣ್ಣ ಒಪ್ಪುವುದಿಲ್ಲ ಅಂದೆ, ಮಾಡಿದ ಚಹಾ ಸಪ್ಪೆ ಅಂದೆ. ಕಾಲಿಲ್ಲದವಳನ್ನು ಕಂಡು ಕಾಲಿದ್ದವಳಿಗೆ ಹೊಟ್ಟೆಕಿಚ್ಚು. ಹೇಳಿದರೆ ನಾಯಿಯೂ ನಗುತ್ತದೆ, ಆದರೂ ಬಂತಲ್ಲ, ಏನು ಮಾಡಲಿ?

ಸಿಟ್ಟೆಲ್ಲ ಇಳಿದದ್ದು ಇವರ ಮೇಲೆ. "ನಿಮ್ಮ ಷಡ್ಡಕನ್ನ ನೋಡಿ ಕಲೀರಿ. ಬಾಯಿದ್ದಾಂವ ಬರಗಾಲದಾಗನೂ ಬದುಕ್ತಾನಂತ."

"ಅಂವ ಊರ ನಾಟಕದಾಗ ಪಾರ್ಟು ಮಾಡಿದಾಂವ. ನನಗ ಅದೆಲ್ಲಾ ಬರಂಗಿಲ್ಲ," ಅಂತ ಇವರು ನನ್ನ ತಲೆಗೆ ಎಣ್ಣೆ ತಟ್ಟುತ್ತಾ ಹೇಳುತ್ತಿದ್ದರು. ನನಗೆ ಇನ್ನಷ್ಟು ರೇಗುತ್ತಿತ್ತು.

ಕೊನೆಗೆ ಮೇಸ್ತ್ರಿ ಅಂದಂತೆ ಮಾಡಿದ. ಇವರ ಜಾಗಕ್ಕೆ ಬೇರೆಯವನು ಬಂದ. ಇವರು ಬಿಡಿ ಕೆಲಸ ಹುಡುಕಿಕೊಂಡು ಹಗರಿಬೊಮ್ಮನಹಳ್ಳಿವರೆಗೂ ಅಲೆದು ಬರಿಗೈಯಲ್ಲಿ ಬರತೊಡಗಿದರು. ಸ್ಕೂಟರಿನವರು ಮತ್ತೆ ಬಂದಾಗ ನಾನು ಅಳುವುದೊಂದು ಬಾಕಿ. ಅವರು, ತಪಾಸಣೆ ಸರಿಯಾಗಿಲ್ಲ ಅನ್ನಿಸಿದರೆ ಮರುಪರೀಕ್ಷೆ ಕೇಳಬಹುದು, ಅದಕ್ಕೂ ದಾರಿ ಇದೆ ಅಂದರು. ಕೇಳಿದೆವು. ಕರೆ ಬಂತು.

ಈ ಸಲ ನೋಡಿದವರು ವಯಸ್ಸಾದ ಡಾಕ್ಟರು, ಕನ್ನಡಕದ ಮೇಲಿಂದ ನೋಡುವವರು. ಸಾಲಿನಲ್ಲಿ ನಮ್ಮ ಹಿಂದೆ ಯಾರು ಕೂತಿದ್ದರು ಅಂತೀರಿ? ಅದೇ ಮೇಸ್ತ್ರಿ. ಕಣ್ಣು ಮಂಜಾದ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಅವನನ್ನು ಕಂಡ ಕೂಡಲೇ ಇವರ ಬೆನ್ನು ನೆಟ್ಟಗಾಯಿತು, ಕೈ ಮೀಸೆಗೆ ಹೋಯಿತು. ಮುಗೀತು ನನ್ನ ಕಥೆ ಅಂದುಕೊಂಡೆ.

"ತಲೆ ಬಾಚಿಕೊಳ್ಳೋಕೆ ಆಗುತ್ತಾ? ಜಡೆ ಯಾರು ಹಾಕ್ತಾರೆ?" ಅಂದರು ಡಾಕ್ಟರು. ಎಲ್ಲರೂ ಅದನ್ನೇ ಕೇಳುತ್ತಾರೆ, ಕೈಯ ಸ್ವಾಧೀನ ನೋಡುವುದೇ ಅಂಥ ಕೆಲಸಗಳಲ್ಲಿ.

"ಆ..." ಅಂತ ಇವರು ಬಾಯಿ ತೆರೆದರು.

ಆ ಮಾತು ಪೂರ್ತಿ ಹೊರಗೆ ಬರುವ ಮೊದಲು ನಾನು ಎಡಗೈಯಿಂದ ಜಡೆಯನ್ನು ಮುಂದಕ್ಕೆ ಎಳೆದು, ತುದಿಯ ರಬ್ಬರ್ ಕಿತ್ತು ಬಿಸಾಡಿ, ಬುಡದವರೆಗೆ ಬಿಚ್ಚಿಬಿಟ್ಟೆ. ಕೂದಲು ಬೆನ್ನ ತುಂಬ ಹರಡಿತು. ಮುತ್ತೈದೆ ಹೆಂಗಸು ನಾಲ್ಕು ಜನರ ಮುಂದೆ ತಲೆ ಕೆದರಿಕೊಂಡು ಕೂರುವುದು ನಮ್ಮಲ್ಲಿ ಸಾವಿನ ಮನೆಯಲ್ಲಿ, ಇಲ್ಲವೇ ಮೈಮೇಲೆ ದೇವರು ಬಂದಾಗ. ಸಾಲಿನಲ್ಲಿ ಯಾರೋ, "ಯವ್ವಾ, ತಾಯಿ ಬಂದಾಳೇನ್ರೇ!" ಅಂತ ಕೈ ಮುಗಿದರು. ನಾನು ತುಟಿ ಬಿಚ್ಚಲಿಲ್ಲ. ಆಣೆ ಮಾಡಿದ್ದು ಬಾಯಿ ಬಿಡುವುದಿಲ್ಲ ಅಂತ. ಬಿಡಲಿಲ್ಲ.

ಡಾಕ್ಟರು ಗಾಬರಿಯಾಗಲಿಲ್ಲ. "ಹಾಕ್ಕೊಳ್ಳಿ ನೋಡೋಣ," ಅಂದರು. ಬಲಗೈ ಎತ್ತಿದೆ. ಹೆಗಲವರೆಗೆ ಬಂತು, ಕೂದಲು ಬೆರಳಲ್ಲಿ ನಿಲ್ಲದೆ ಜಾರಿತು. ಮತ್ತೆ ಎತ್ತಿದೆ, ಹೆಗಲ ಹತ್ತಿರವೂ ಬರಲಿಲ್ಲ. ಕೈ ತೊಡೆಯ ಮೇಲೆ ದೊಪ್ಪನೆ ಬಿತ್ತು. ನಾಚಿಕೆಗೆ ಕಣ್ಣಲ್ಲಿ ನೀರು ಬಂದದ್ದು ಆಗ. ತಿರುಗಿ ಇವರಿಗೆ ಬೆನ್ನು ಕೊಟ್ಟು ಕೂತೆ.

ಇವರ ಉಸಿರು ಕೇಳಿಸುತ್ತಿತ್ತು. ಬಾಗಿಲ ಕಡೆ ಹೋಗಿಬಿಡುತ್ತಾರೇನೋ ಅನ್ನಿಸಿತು. ಆಮೇಲೆ ನನ್ನ ತಲೆಯಲ್ಲಿ ಬೆರಳು ಆಡಿದವು. ಸಿಕ್ಕು ಬಿಡಿಸಿದರು, ಮೂರು ಎಳೆ ಮಾಡಿದರು, ನಡುನಡುವೆ ನನಗೆ ನೋವಾಗದಂತೆ ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಾ ಹೆಣೆದರು. ಮೇಸ್ತ್ರಿ ಕಣ್ಣು ಪಿಳುಕಿಸದೆ ನೋಡುತ್ತಿದ್ದ. ಅವನ ತಾಯಿ, "ಏನು ಮಾಡಾಕತ್ಯಾನೋ ಅಂವ?" ಅಂತ ಕೇಳಿದಳು. "ಹೆಂಡ್ತಿಗೆ ಜಡಿ ಹಾಕಾಕತ್ಯಾನಬೇ," ಅಂದ ಮೇಸ್ತ್ರಿ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಎಲ್ಲಾ ನಾನ ಮಾಡ್ತೀನ್ರಿ ಸಾಹೇಬ್ರ," ಅಂದರು ಇವರು. "ಆಕಿ ಕೈಲೆ ಏನೂ ಆಗಂಗಿಲ್ರಿ. ಮೊದ್ಲ ಸುಳ್ಳು ಹೇಳಿದ್ದೆ."

ಈ ಸಲ ನನ್ನದು ನಲವತ್ತು ದಾಟಿತು. ಎಪ್ಪತ್ತೈದು ಮುಟ್ಟಲಿಲ್ಲ, ತಂಗಿಯಷ್ಟು ನನಗೆ ಇಲ್ಲ, ಇರಲಿ. ಬೆಳಗಿನ ರೊಟ್ಟಿಗೆ, ಪಾತ್ರೆಗೆ ಈಗ ಒಬ್ಬಾಕೆ ಬರುತ್ತಾಳೆ. ಮೇಸ್ತ್ರಿ ಇವರನ್ನು ತಾನೇ ಕರೆದು ಗುಂಪಿಗೆ ಸೇರಿಸಿಕೊಂಡ. ಯಾರ್ಡಿನಲ್ಲಿ 'ಜಡಿ ಹಮಾಲ' ಅಂತ ಹೆಸರು ಬಿತ್ತು. ಕರೆದವನಿಗೆ ಇವರು ಬೈದು ಬರುತ್ತಾರೆ, ಮನೆಗೆ ಬಂದು ನನ್ನ ಮುಂದೆ ಅದನ್ನೇ ಹೇಳಿ ನಗುತ್ತಾರೆ.

ನನಗೆ ಮಾತ್ರ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಇಷ್ಟು ದಿನ ನಾನು ಉರಿದಿದ್ದೇನೆ, ಈಗ ಅವಳೂ ಒಂದಿಷ್ಟು ಉರಿಯಲಿ ಅನ್ನಿಸಿತು. ನಿನ್ನ ಗಂಡ ಬಾಯಲ್ಲಿ ಹೇಳಿದ, ನನ್ನ ಗಂಡ ಜನರ ಮುಂದೆ ಮಾಡಿ ತೋರಿಸಿದ ಅಂತ ಅವಳ ಮುಖಕ್ಕೇ ಹೇಳಬೇಕು. ಇವರಿಗೂ ಹೇಳದೆ, ತಂಗಿಗೂ ಫೋನ್ ಮಾಡದೆ ಒಬ್ಬಳೇ ಉಜ್ಜಿನಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎಲ್ಲಿಂದ ಶುರು ಮಾಡಲಿ, ಎಲ್ಲಿ ನಿಲ್ಲಿಸಿ ಅವಳ ಮುಖ ನೋಡಲಿ ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅವರ ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಹೊರಸಿನ ಮೇಲೆ ಒಣಹಾಕಿದ ಮೆಣಸಿನಕಾಯಿ ಇತ್ತು, ತಂಗಿ ಇರಲಿಲ್ಲ. ಹಿತ್ತಲ ಕಡೆಯಿಂದ ಏನೋ ಎಳೆಯುವ ಸದ್ದು ಬರುತ್ತಿತ್ತು, ಹೋಗಿ ನೋಡಿದೆ. ಅವಳು ನೆಲದ ಮೇಲೆ ಇದ್ದಳು. ಎರಡೂ ಕೈಗೆ ಹವಾಯಿ ಚಪ್ಪಲಿ ಹಾಕಿಕೊಂಡು, ಅಂಗೈ ಊರಿ, ಸೊಂಟವನ್ನು ಜಗ್ಗಿ ಜಗ್ಗಿ ತೆವಳುತ್ತಾ ನೀರಿನ ಬಕೆಟ್ಟನ್ನು ಮುಂದೆ ತಳ್ಳಿಕೊಂಡು ಬರುತ್ತಿದ್ದಳು. ಸೀರೆಯ ಹಿಂಭಾಗ ಉಜ್ಜಿ ಉಜ್ಜಿ ಹರಿದು ಹೋಗಿತ್ತು. ನನ್ನನ್ನು ಕಂಡವಳೇ ಕೈಯ ಚಪ್ಪಲಿಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಯಾಕಕ್ಕಾ, ಹೇಳದಂಗ ಬಂದಿ?"

"ನಿನ್ನ ಗಂಡ ಎಲ್ಲಿ ಅದಾನ?"

"ಕಟ್ಟಿ ಮ್ಯಾಲೆ ಇರಬೇಕು."

"ಮತ್ತ ನಿನ್ನ ಯಾರು ಎತ್ತತಾರ?"

ಅವಳು ಬಕೆಟ್ಟಿನ ನೀರು ನೋಡುತ್ತಾ ಕೂತಳು. "ಅಂವ ಎತ್ತಿದ್ದು ಅವತ್ತೊಂದಿನ ಅಕ್ಕಾ. ಗಾಡಿಯಿಂದ ಡಾಕ್ಟರ್ ಮೇಜಿನ ತನಕ. ಆಮ್ಯಾಲೆ ನೀವು ಬರತೀವಿ ಅಂದ ದಿನ ಹೊರಸಿನ ಮ್ಯಾಲೆ ಕುಂದರಸ್ತಾನ, ಅಷ್ಟ."

ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತನ್ನು ನಾನು ಎತ್ತಲಿಲ್ಲ. ಅವಳೇ ಕೇಳಿದಳು.

"ಭಾವ ಮಂದಿ ಮುಂದ ನಿನಗ ಜಡಿ ಹಾಕಿದ್ರಂತ. ಇಲ್ಲೀತನ ಸುದ್ದಿ ಬಂದೈತಿ. ಖರೇನಾ?"

"ಹೂಂ."

"ದಿನಾ ಹಾಕ್ತಾರಾ?"

"ಹೂಂನವ್ವ."

ಅವಳು ನನ್ನ ಜಡೆಯನ್ನು ನೋಡಿದಳು. ಬುಡದಿಂದ ತುದಿಯವರೆಗೆ ನೋಡಿದಳು. ಆ ನೋಟ ನನಗೆ ಹೊಸದಲ್ಲ, ಶಿಬಿರದಲ್ಲಿ ಕೂತು ನಾನು ಅವಳನ್ನು ನೋಡಿದ್ದು ಹಾಗೆಯೇ. ನನ್ನ ಕೈ ಹಿಡಿದು, ಸ್ವಾಧೀನವಿಲ್ಲದ ಕೈಯನ್ನೇ ಹಿಡಿದು, ಹೇಳಿದಳು:

"ಅಕ್ಕಾ, ಬೈಬ್ಯಾಡ. ಇನ್ನ ಮ್ಯಾಲೆ ಭಾವನ್ನ ಈ ಮನಿಗೆ ಕರಕೊಂಡು ಬರಬ್ಯಾಡ. ನನಗ ನೋಡಾಕ ಆಗಂಗಿಲ್ಲ."

"ಆತವ್ವಾ," ಅಂದೆ. ಈಗ ತಂಗಿಯ ಮನೆಗೆ ನಾನೊಬ್ಬಳೇ ಹೋಗಿ ಬರುತ್ತೇನೆ.